ನಕ್ಷೆ ಬರೆಯುವ ಮಹನೀಯರೇ, ಮೊದಲು ನಡೆದು ಬನ್ನಿ!



ವಿಶ್ವವಿದ್ಯಾನಿಲಯದ ನಕ್ಷೆಗೂ ಹೊಟೇಲು ಮಾಣಿಗೂ ಏನು ಸಂಬಂಧವೆಂದು ಕೇಳುವ ದೊಡ್ಡ ಮನುಷ್ಯರು ನಮ್ಮ ನಡುವೆ ಇದ್ದಾರೆ. ಪಗಾರ, ಬೋನಸ್ಸು, ರಜೆ, ಗ್ರಾಚ್ಯುಟಿ, ಇಷ್ಟರ ಮಟ್ಟಿಗೆ ಮಾತ್ರ ಕಾರ್ಮಿಕ ಸಂಘ ಬಾಯಿ ಹಾಕತಕ್ಕದ್ದು. ಆವರಣ, ರಸ್ತೆ, ಮರ, ಕಟ್ಟಡ ಇವೆಲ್ಲ ಇಂಜಿನಿಯರರಿಗೂ ಕುಲಪತಿಗಳಿಗೂ ಬಿಟ್ಟ ವಿಷಯ ಎಂಬುದು ಅವರ ವಾದ. ಈ ವಾದವನ್ನು ನಾವು ತಿರಸ್ಕರಿಸುತ್ತೇವೆ. ಯಾಕೆಂಬುದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು, ಅಲ್ಲಿ ಓದುವವರು ನಮ್ಮವರು. ಹಗಲಿಡೀ ಗ್ಲಾಸು ತೊಳೆದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ಪರಂಪರೆ ಈ ಮುಂಬಯಿಯ ಹೊಟೇಲು ಕಾರ್ಮಿಕರದು. ಆ ಪರಂಪರೆಯ ಮಕ್ಕಳು, ತಮ್ಮ ತಂಗಿಯರು ಇಂದು ಇಲ್ಲಿಯ ಕಲೀನಾದಲ್ಲಿ, ಬೆಂಗಳೂರಿನ ಜ್ಞಾನಭಾರತಿಯಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾರೆ. ನಾವು ಊರಿಗೆ ಕಳಿಸುವ ಹಣದಲ್ಲಿ ಅವರ ಹಾಸ್ಟೆಲಿನ ಊಟದ ಪಾಲೂ ಇದೆ. ಎರಡನೆಯದು, ಆ ಹಾಸ್ಟೆಲಿನಲ್ಲಿ ಅನ್ನ ಬೇಯಿಸುವವರು, ಕ್ಯಾಂಟೀನಿನಲ್ಲಿ ಚಹಾ ಕೊಡುವವರು, ಕಸ ಗುಡಿಸುವವರು, ಗೇಟಿನಲ್ಲಿ ಕಾವಲು ನಿಲ್ಲುವವರು ಕೂಡ ಕಾರ್ಮಿಕರೇ. ಮೂರನೆಯದು, ಆ ನೆಲ ಸಾರ್ವಜನಿಕರ ನೆಲ. ಯಾವ ಕುಲಪತಿಯೂ ಅದನ್ನು ಮನೆಯಿಂದ ತಂದಿಲ್ಲ.

ನಾಲ್ಕನೆಯ ಕಾರಣ ಎಲ್ಲಕ್ಕಿಂತ ದೊಡ್ಡದು. ನಕ್ಷೆಯ ದೋಷ ಕಾಗದ ನೋಡುವವನ ಕಣ್ಣಿಗೆ ಕಾಣದು, ನಡೆಯುವವನ ಕಾಲಿಗೆ ತಿಳಿಯುತ್ತದೆ. ಹೊಟೇಲಿನವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಅಡಿಗೆ ಕೋಣೆಯಿಂದ ಮೇಜಿಗೆ 15 ಅಡಿ ಹೆಚ್ಚಾಯಿತೆನ್ನಿ. ಮಾಲಕನ ನಕ್ಷೆಯಲ್ಲಿ ಅದು ಅರ್ಧ ಅಂಗುಲದ ಗೆರೆ. ದಿನಕ್ಕೆ 300 ಸಲ ಹೋಗಿ ಬರುವ ಮಾಣಿಗೆ ಅದು 9,000 ಅಡಿ, ಅಂದರೆ ಎರಡೂಮುಕ್ಕಾಲು ಕಿಲೋಮೀಟರಿನ ಹೆಚ್ಚುವರಿ ನಡಿಗೆ. ಗೆರೆ ಎಳೆದವನು ಸಂಜೆ ಮನೆಗೆ ಹೋಗಿ ನಿದ್ದೆ ಮಾಡುತ್ತಾನೆ. ಮಾಣಿಯ ಮೊಣಕಾಲು ರಾತ್ರಿಯಿಡೀ ಲೆಕ್ಕ ಒಪ್ಪಿಸುತ್ತದೆ. ಹೊಟೇಲಿಗೆ ಯಾವುದು ನಿಜವೋ ವಿಶ್ವವಿದ್ಯಾನಿಲಯಕ್ಕೂ ಅದೇ ನಿಜ. ಅಲ್ಲಿ ಮೇಜಿನ ಬದಲು ಗ್ರಂಥಾಲಯ, ಅಡಿಗೆ ಕೋಣೆಯ ಬದಲು ಬಸ್ ನಿಲ್ದಾಣ, ಅಷ್ಟೇ ವ್ಯತ್ಯಾಸ.

ಜ್ಞಾನಭಾರತಿ ಕಲಿಸುವ ಪಾಠ

ನಮ್ಮ ನಾಡಿನ ರಾಜಧಾನಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರು ವಿಶ್ವವಿದ್ಯಾನಿಲಯ 1964ರಲ್ಲಿ ಹುಟ್ಟಿತು. ಊರ ನಡುವಿನ ಸೆಂಟ್ರಲ್ ಕಾಲೇಜಿನ ಜಾಗ ಸಾಲದೆಂದು 1973ರಲ್ಲಿ ಮೈಸೂರು ರಸ್ತೆಯ ಬದಿಯಲ್ಲಿ ಜ್ಞಾನಭಾರತಿ ಎಂಬ ಹೊಸ ಆವರಣಕ್ಕೆ ಹೋಯಿತು. ಸುಮಾರು 1,100 ಎಕರೆ! ಮುಂಬಯಿಯ ಗಿರಣಿಗಳ ನೆಲವನ್ನೆಲ್ಲ ಕೂಡಿಸಿದರೂ ಸುಮಾರು 600 ಎಕರೆ. ಅಂದರೆ ಗಿರಣಗಾಂವಿನ ಸಮಸ್ತ ಗಿರಣಿಗಳ ಹೆಚ್ಚುಕಡಿಮೆ ಎರಡು ಪಾಲಷ್ಟು ನೆಲ ಒಂದೇ ವಿಶ್ವವಿದ್ಯಾನಿಲಯಕ್ಕೆ ಸಿಕ್ಕಿತು.

ಇಷ್ಟು ನೆಲ ಕೈಗೆ ಬಂದಾಗ ಏನು ಮಾಡಬೇಕಾಗಿತ್ತು? ತರಗತಿ, ಗ್ರಂಥಾಲಯ, ಹಾಸ್ಟೆಲು, ನೌಕರರ ಮನೆ ಇವನ್ನೆಲ್ಲ ಒತ್ತೊತ್ತಾಗಿ ಒಂದೆಡೆ ಕಟ್ಟಿ, ಉಳಿದ ನೆಲವನ್ನು ಕಾಡಿಗೂ ನೀರಿಗೂ ಬಿಡಬೇಕಾಗಿತ್ತು. ಆದದ್ದು ಬೇರೆ. ಕಟ್ಟಡಗಳು ದೂರ ದೂರ ಎದ್ದವು. ಅವುಗಳ ನಡುವೆ ಅಗಲವಾದ ರಸ್ತೆಗಳು ಬಂದವು. ಊರು ಬೆಳೆದು ಆವರಣವನ್ನು ನಾಲ್ಕೂ ಕಡೆಯಿಂದ ಸುತ್ತುವರಿದಾಗ, ಮೈಸೂರು ರಸ್ತೆಗೂ ನಾಗರಭಾವಿ, ಉಲ್ಲಾಳ ಕಡೆಗೂ ಓಡಾಡುವ ವಾಹನಗಳಿಗೆ ಆ ರಸ್ತೆಗಳೇ ಅಡ್ಡದಾರಿಯಾದವು. ವಿದ್ಯೆಯ ಅಂಗಳ ಕಾರು, ಲಾರಿಗಳ ಹಾದಿಯಾಯಿತು.

ಫಲವೇನಾಯಿತು? 2022ರ ಅಕ್ಟೋಬರಿನಲ್ಲಿ ಆವರಣದೊಳಗೇ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ಬಸ್ಸಿನ ಚಕ್ರಕ್ಕೆ ಸಿಕ್ಕಿ, ಆಸ್ಪತ್ರೆಯಲ್ಲಿ ನರಳಿ ತೀರಿಕೊಂಡಳು. ವಿದ್ಯಾರ್ಥಿಗಳು ಪಾಠ ಬಿಟ್ಟು ರಸ್ತೆಯಲ್ಲಿ ಕುಳಿತರು. ಹೊರಗಿನ ವಾಹನಗಳ ಓಡಾಟ ನಿಲ್ಲಬೇಕೆಂದು ಕೂಗಿದರು. ಚಾಲಕನ ತಪ್ಪೋ ನಿರ್ವಾಹಕನ ತಪ್ಪೋ ಎಂಬ ವಿಚಾರಣೆ ನಡೆಯಬೇಕಾದ್ದೇ. ಆದರೆ ನಾವು ಕೇಳುತ್ತೇವೆ: ಸಾವಿರಾರು ಮಕ್ಕಳು ಪುಸ್ತಕ ಹಿಡಿದು ಓಡಾಡುವ ಅಂಗಳದ ನಡುವೆ ಊರಿನ ಹೆದ್ದಾರಿ ಹಾಯುವಂತೆ ಬಿಟ್ಟ ನಕ್ಷೆಯ ವಿಚಾರಣೆ ಮಾಡುವವರು ಯಾರು? ಗಿರಣಿಯಲ್ಲಿ ಪಟ್ಟಿಗೆ ಕವಚವಿಲ್ಲದೆ ಕೈ ಹೋದರೆ ಅದು ಕಾರ್ಮಿಕನ ಅಜಾಗ್ರತೆ ಎಂದು ಬರೆದುಕೊಳ್ಳುತ್ತಿದ್ದ ಕಾಲವೊಂದಿತ್ತು. ಕವಚ ಹಾಕಿಸುವುದು ಮಾಲಕನ ಹೊಣೆ ಎಂಬ ಕಾನೂನು ಹೋರಾಟದಿಂದ ಬಂತು. ಕಾಲುದಾರಿಯೂ ಅಂಥದೇ ಕವಚ.

ಇಲ್ಲಿ ಇನ್ನೊಂದು ಮಾತೂ ಹೇಳಬೇಕು. ಅದೇ ಆವರಣದಲ್ಲಿ ಕೆಲವು ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಬರಡು ನೆಲದಲ್ಲಿ ಗಿಡ ನೆಟ್ಟು, ಚಿಕ್ಕ ಚಿಕ್ಕ ಒಡ್ಡು ಕಟ್ಟಿ, ಜೈವಿಕ ವನವನ್ನು ಬೆಳೆಸಿದರು. ಇಂದು ಅದು ಪಶ್ಚಿಮ ಬೆಂಗಳೂರಿನ ದೊಡ್ಡ ಹಸುರಿನ ಆಸರೆ. ಅದೇ ಆವರಣದ ಮೂಲಕ ಊರಿನ ಕೊಳಚೆ ಹೊತ್ತು ವೃಷಭಾವತಿಯೂ ಹರಿಯುತ್ತಿದೆ. ಒಂದು ಕಡೆ ಗಿಡ ನೆಡುವ ಕೈ, ಇನ್ನೊಂದು ಕಡೆ ಚರಂಡಿ ಬಿಡುವ ಕೈ. ಎಲ್ಲರನ್ನೂ ಬಿಗಿಯುವ ಒಂದು ಯೋಜನೆ ಇಲ್ಲದಿದ್ದರೆ ಒಳ್ಳೆಯವರ ದುಡಿಮೆ ನೀರ ಮೇಲಣ ಹೋಮವಾಗುತ್ತದೆ.

ನೆಲ ಕರಗುವ ಬಗೆ

ದೊಡ್ಡ ಆವರಣದ ಮೇಲೆ ಎಲ್ಲರ ಕಣ್ಣು. ಜ್ಞಾನಭಾರತಿಯ ನೆಲದಲ್ಲೇ ರಾಷ್ಟ್ರೀಯ ಕಾನೂನು ಶಾಲೆ ಬಂತು, ಕ್ರೀಡಾ ಪ್ರಾಧಿಕಾರದ ಕೇಂದ್ರ ಬಂತು, ಕಾಲೇಜುಗಳಿಗೆ ದರ್ಜೆ ಕೊಡುವ ‘ನ್ಯಾಕ್’ ಸಂಸ್ಥೆ ಬಂತು. ಇವು ಕೆಟ್ಟ ಸಂಸ್ಥೆಗಳೆಂದು ನಾವು ಹೇಳುವುದಿಲ್ಲ. ವಿದ್ಯೆಗೂ ಆಟಕ್ಕೂ ನೆಲ ಬೇಕು. ಆದರೆ ಬಂದವರಿಗೆಲ್ಲ ಒಂದೊಂದು ತುಂಡು ಕತ್ತರಿಸಿ ಕೊಡುತ್ತ ಹೋದರೆ, ಐವತ್ತು ವರ್ಷದ ಮೇಲೆ ಹುಟ್ಟುವ ವಿಭಾಗಕ್ಕೆ, ಹಾಸ್ಟೆಲಿಗೆ, ನೌಕರನ ಮನೆಗೆ ಎಲ್ಲಿಯ ನೆಲ? ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನೆಲ ಹೇಗೆ ಕರಗುತ್ತದೆ ಎಂಬುದನ್ನು ಗಿರಣಿ ಕಾರ್ಮಿಕ ಬಂಧುಗಳಿಗೆ ಯಾರೂ ಕಲಿಸಬೇಕಾಗಿಲ್ಲ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಬೀದಿಗೆ ಬಂದರು. ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. 1991ರ ನಿಯಮ ಏನು ಹೇಳಿತು? ಗಿರಣಿಯ ನೆಲ ಮಾರಾಟವಾದರೆ ಮೂರು ಪಾಲಾಗಲಿ: ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಬಡವರ ಮನೆಗಳಿಗೆ, ಒಂದು ಪಾಲು ಮಾಲಕರಿಗೆ. ಕೇಳಲು ಎಷ್ಟು ಚೆಂದ! 2001ರಲ್ಲಿ ಆ ನಿಯಮವನ್ನು ತಿದ್ದಿದರು. ಕಟ್ಟಡವಿದ್ದ ನೆಲ ಪಾಲಿಗೆ ಬರುವುದಿಲ್ಲ, ಮೊದಲಿನಿಂದ ಖಾಲಿ ಬಿದ್ದಿದ್ದ ನೆಲ ಮಾತ್ರ ಪಾಲಿಗೆ ಬರುತ್ತದೆ ಎಂದರು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಊರಿನ ಪಾಲೂ ಬಡವರ ಪಾಲೂ ತೀರ ಕುಗ್ಗಿಹೋದವು. ಒಂದು ಸಾಲಿನ ತಿದ್ದುಪಡಿ! ಆ ಸಾಲನ್ನು ಬರೆಯುವಾಗ ಕಾರ್ಮಿಕರನ್ನು ಯಾರೂ ಕೇಳಲಿಲ್ಲ. ಆದುದರಿಂದಲೇ ಈಗ ಹೇಳುತ್ತೇವೆ: ವಿಶ್ವವಿದ್ಯಾನಿಲಯದ ನೆಲದ ನಕ್ಷೆ ಬರೆಯುವಾಗ ನಮ್ಮನ್ನು ಕೇಳಲೇಬೇಕು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಇನ್ನೊಂದು ಲೆಕ್ಕವನ್ನೂ ಇಲ್ಲಿ ಒಪ್ಪಿಸುತ್ತೇವೆ. ಗಿರಣಿ ಕಾರ್ಮಿಕನಿಗೆಂದು ಮ್ಹಾಡಾ ಕಟ್ಟಿಸಿ 2012ರಲ್ಲಿ ಚೀಟಿ ಎತ್ತಿ ಹಂಚಿದ ಮನೆ 225 ಚದರ ಅಡಿ. ಗಂಡ, ಹೆಂಡತಿ, ಮಕ್ಕಳು, ಮುದಿ ತಾಯಿ ಎಲ್ಲ ಅದರೊಳಗೆ. ಒಂದು ಕಾರು ನಿಲ್ಲಲು ಬೇಕಾಗುವ ಜಾಗ, ಅದು ಒಳಗೆ ಬಂದು ತಿರುಗುವ ಜಾಗ ಎರಡನ್ನೂ ಕೂಡಿಸಿದರೆ 250 ಚದರ ಅಡಿಗೆ ಕಡಿಮೆಯಿಲ್ಲ. ಅಂದರೆ ಒಂದು ಸಂಸಾರಕ್ಕೆ ಸಿಕ್ಕದಷ್ಟು ಜಾಗ ಒಂದು ಖಾಲಿ ಕಾರಿಗೆ! ನೂರು ಕಾರು ನಿಲ್ಲಿಸುವ ಬಯಲಿನಲ್ಲಿ ನೂರು ಬಡ ವಿದ್ಯಾರ್ಥಿಗಳಿಗೆ ಹಾಸ್ಟೆಲು ಕಟ್ಟಿ, ಮಿಕ್ಕ ನೆಲದಲ್ಲಿ ಮಾವಿನ ತೋಪನ್ನೂ ನೆಡಬಹುದು.

ಭಾಷೆ ಸಲುವಾಗಿ ಹೊರಬಿದ್ದವರು ಕಟ್ಟಿದ ಊರು

“ಇದೆಲ್ಲ ಹೇಳುವುದಕ್ಕೆ ಸರಿ, ಆಗುವ ಮಾತಲ್ಲ” ಎಂದು ಮೂಗು ಮುರಿಯುವವರಿಗೆ ಯುರೋಪಿನ ಬೆಲ್ಜಿಯಂ ದೇಶದ ಸಂಗತಿಯನ್ನು ಹೇಳುತ್ತೇವೆ. ಅಲ್ಲಿಯ ಲುವೇನ್ ಎಂಬ ಊರಿನ ವಿಶ್ವವಿದ್ಯಾನಿಲಯ 1425ರಷ್ಟು ಹಳೆಯದು. ಊರಿನ ಜನರದು ಡಚ್ ಭಾಷೆ. ವಿಶ್ವವಿದ್ಯಾನಿಲಯದ ಒಂದು ಭಾಗದ್ದು ಫ್ರೆಂಚ್ ಭಾಷೆ. ಭಾಷೆಯ ಜಗಳ 1968ರಲ್ಲಿ ಸರಕಾರವನ್ನೇ ಉರುಳಿಸಿತು. ವಿಶ್ವವಿದ್ಯಾನಿಲಯ ಎರಡಾಯಿತು. ಫ್ರೆಂಚ್ ಭಾಷೆಯವರು ಊರು ಬಿಟ್ಟು ಬಯಲಿಗೆ ಬರಬೇಕಾಯಿತು. ಯಾರದು ಸರಿ, ಯಾರದು ತಪ್ಪು ಎಂಬ ಚರ್ಚೆ ಇಲ್ಲಿ ಬೇಡ. ಊರು ಬಿಟ್ಟು ಬಂದವರ ಸಂಕಟ ನಮಗೆ ತಿಳಿಯದ್ದಲ್ಲ. ಬಂದವರು ಏನು ಕಟ್ಟಿದರು ಎಂಬುದು ಮುಖ್ಯ.

ಸಾಗುವಳಿಯ ಹೊಲಗಳನ್ನು ಕೊಂಡು 1971ರಲ್ಲಿ ಅಡಿಗಲ್ಲು ಹಾಕಿ, 1972ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಕರೆತಂದರು. ಊರಿನ ಹೆಸರು ಲುವೇನ್-ಲಾ-ನವ್, ಅಂದರೆ ಹೊಸ ಲುವೇನ್. ಬೇಲಿ ಹಾಕಿದ ಆವರಣ ಬೇಡ, ಊರನ್ನೇ ಕಟ್ಟೋಣವೆಂದು ತೀರ್ಮಾನಿಸಿದರು. ತರಗತಿಯ ಪಕ್ಕದಲ್ಲಿ ಅಂಗಡಿ, ಅಂಗಡಿಯ ಮೇಲೆ ಮನೆ, ಮನೆಯ ಮಗ್ಗುಲಲ್ಲಿ ಗ್ರಂಥಾಲಯ. ಊರ ನಡುವೆ ದೊಡ್ಡದೊಂದು ಕಾಂಕ್ರೀಟಿನ ಅಟ್ಟ ಕಟ್ಟಿ, ಕಾರುಗಳನ್ನು ಅದರ ಅಡಿಗೆ ತಳ್ಳಿದರು. ಮೇಲೆ ನಡೆಯುವವರ ರಾಜ್ಯ. ರೈಲು ನಿಲ್ದಾಣವನ್ನು ಊರಿನ ಹೊಟ್ಟೆಗೇ ತಂದರು. ಮಳೆನೀರು ನಿಲ್ಲಲು ತಗ್ಗಿನಲ್ಲಿ ಕೆರೆ ಮಾಡಿದರು. ಎಲ್ಲಕ್ಕಿಂತ ಮುಖ್ಯವಾದ ಮಾತು, ನೆಲವನ್ನು ವಿಶ್ವವಿದ್ಯಾನಿಲಯ ಕೈಬಿಡಲಿಲ್ಲ. ಮನೆ ಕಟ್ಟುವವರಿಗೆ ದೀರ್ಘಾವಧಿ ಗೇಣಿಗೆ ಕೊಟ್ಟು ಒಡೆತನವನ್ನು ತನ್ನಲ್ಲೇ ಉಳಿಸಿಕೊಂಡಿತು.

ಅದು ಸ್ವರ್ಗವೆಂದು ನಾವು ಹೇಳುವುದಿಲ್ಲ. ಕಾರುಗಳು ಅಲ್ಲಿಯೂ ಇವೆ, ಕೆಳಗೆ ಅಡಗಿವೆ ಅಷ್ಟೇ. ಆದರೆ ಐವತ್ತು ವರ್ಷ ದಾಟಿದರೂ ಆ ಊರಿನ ನಡುವೆ ಮಕ್ಕಳು ಚಕ್ರದ ಭಯವಿಲ್ಲದೆ ನಡೆಯುತ್ತಾರೆ. ಕಾರಣ ಒಂದೇ. ಅಲ್ಲಿ ಮೊದಲು ಕಾಲುದಾರಿಯ ಗೆರೆ ಎಳೆದರು, ಆಮೇಲೆ ಕಟ್ಟಡದ ಗೆರೆ ಎಳೆದರು. ನಮ್ಮಲ್ಲಿ ಮೊದಲು ಕಟ್ಟಡ, ಆಮೇಲೆ ರಸ್ತೆ, ಆಮೇಲೆ ಕಾರು ನಿಲ್ಲುವ ಜಾಗ. ಕೊನೆಗೆ ಉಳಿದ ಚರಂಡಿಯ ಮೇಲೆ ಎರಡು ಹಾಸುಗಲ್ಲಿಟ್ಟು ಅದಕ್ಕೆ ಕಾಲುದಾರಿ ಎಂಬ ಹೆಸರು.

ಹೊರದೇಶದ ಮಾತೇ ಬೇಕಾಗಿಲ್ಲ. ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ ಕುಕ್ಕರಹಳ್ಳಿ ಕೆರೆಯ ಬದಿಯಲ್ಲಿ ಮಾನಸಗಂಗೋತ್ರಿಯ ಕನಸು ಕಂಡರು. 1960ರಿಂದ ಅದು ನಿಂತಿದೆ. ಕೆರೆಯನ್ನು ತುಂಬಿಸಿ ಕಟ್ಟಡ ಎಬ್ಬಿಸೋಣವೆಂದು ಅವರು ಹೇಳಲಿಲ್ಲ. ಕೆರೆಯ ಜೊತೆಗೇ ವಿದ್ಯೆ ಇರಲಿ ಎಂದರು. ಇಂದಿಗೂ ಮೈಸೂರಿನ ಜನ ಮುಂಜಾನೆ ಎದ್ದು ಆ ಏರಿಯ ಮೇಲೆ ನಡೆಯುತ್ತಾರೆ. ದೂರದೃಷ್ಟಿ ಎಂದರೆ ಇದು.

ನಮ್ಮ ಕಲೀನಾ

ಈಗ ನಮ್ಮ ಊರಿಗೆ ಬರೋಣ. ಮುಂಬಯಿ ವಿಶ್ವವಿದ್ಯಾನಿಲಯ 1857ರದು. ಕೋಟೆ ಪ್ರದೇಶದ ಹಳೆಯ ಕಟ್ಟಡ ಸಾಲದಾದಾಗ ಸಾಂತಾಕ್ರೂಜಿನ ಪೂರ್ವಕ್ಕೆ ಕಲೀನಾದಲ್ಲಿ ವಿದ್ಯಾನಗರಿ ಎದ್ದಿತು. ನಮ್ಮ ಕನ್ನಡ ವಿಭಾಗ ಅಲ್ಲಿದೆ. ಕೆಲಸ ಮಾಡುತ್ತಲೇ ಪದವಿ ಪಡೆಯುವವರ ದೂರಶಿಕ್ಷಣ ವಿಭಾಗವೂ ಅಲ್ಲಿದೆ. ಆವರಣ ಸುಮಾರು 240 ಎಕರೆ. ಇದನ್ನು ಚೌಕವಾಗಿ ಹಿಡಿದರೆ ಒಂದು ಬದಿ ಒಂದು ಕಿಲೋಮೀಟರ್. ಆರೋಗ್ಯವಂತನು ನಿಮಿಷಕ್ಕೆ 80 ಮೀಟರಿನಂತೆ ನಡೆದರೆ ಈ ತುದಿಯಿಂದ ಆ ತುದಿಗೆ 12 ಅಥವಾ 13 ನಿಮಿಷ. ಇಷ್ಟು ಸಣ್ಣ ಜಾಗದಲ್ಲಿ ಕಾರು ಓಡಿಸಲೇಬೇಕೆಂಬ ಹಟ ಯಾತಕ್ಕೆ?

ಸುತ್ತಲೂ ನೋಡಿ. ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಗೋಪುರಗಳು. ಆ ನಡುವೆ ಉಳಿದಿರುವ ಮಣ್ಣಿನ ನೆಲ ಬಂಗಾರಕ್ಕಿಂತ ದುಬಾರಿ. ಅದಕ್ಕೇ ಅದರ ಮೇಲೆ ಆಸೆ. ಆದರೆ ಮಣ್ಣಿನ ಬೆಲೆ ರೂಪಾಯಿಯಲ್ಲಿ ಮಾತ್ರ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಅಳೆದರು. ಕಲೀನಾದ ಮನೆಗಳು ಮುಳುಗಿದವು. ನೀರು ಹೀರುವ ನೆಲಕ್ಕೆಲ್ಲ ಕಾಂಕ್ರೀಟು ಬಳಿದ ಊರಿಗೆ ಆಕಾಶ ಕೊಟ್ಟ ಎಚ್ಚರಿಕೆ ಅದು. ವಿದ್ಯಾನಗರಿಯ ಮರಗಳ ಬುಡದ ಮಣ್ಣು ನೆರೆಹೊರೆಯ ಚಾಳುಗಳಿಗೂ ಕಾವಲುಗಾರ.

ಆಕ್ಷೇಪಗಳಿಗೆ ಉತ್ತರ

“ಬಿಸಿಲು, ಮಳೆಯಲ್ಲಿ ಯಾರು ನಡೆಯುತ್ತಾರೆ?” ಎನ್ನುತ್ತಾರೆ. ಕಾರಿಲ್ಲದವರೆಲ್ಲ ಇಂದೂ ನಡೆಯುತ್ತಲೇ ಇದ್ದಾರೆ, ಸ್ವಾಮಿ! ಅವರ ತಲೆಯ ಮೇಲೆ ಒಂದು ಮಾಡು, ಎರಡು ಸಾಲು ಮರ ಬೇಕು ಅಷ್ಟೇ. “ಹಣ ಎಲ್ಲಿದೆ?” ಎನ್ನುತ್ತಾರೆ. ಕಾಲುದಾರಿ ರಸ್ತೆಗಿಂತ ಅಗ್ಗ, ಮರ ಗೋಡೆಗಿಂತ ಅಗ್ಗ. “ಐವತ್ತು ವರ್ಷದ ಮಾತು ಈಗ ಯಾಕೆ?” ಎನ್ನುತ್ತಾರೆ. ಇಂದು ನೆಟ್ಟ ಸಸಿ ನೆರಳು ಕೊಡಲು ಹತ್ತಿಪ್ಪತ್ತು ವರ್ಷ ಬೇಕು, ಒಮ್ಮೆ ಎದ್ದ ಕಟ್ಟಡ ಐವತ್ತು ವರ್ಷ ಕದಲುವುದಿಲ್ಲ. ಆದುದರಿಂದಲೇ ಈಗ.

ಇನ್ನು ಕೆಲವರು ನಮ್ಮ ಪರವಾಗಿ ಮಾತಾಡುವಂತೆ ತೋರಿ, “ಹಾಗಾದರೆ ಗೇಟು ಮುಚ್ಚಿಬಿಡೋಣ, ಗುರುತುಚೀಟಿ ಇಲ್ಲದವರನ್ನು ಬಿಡುವುದು ಬೇಡ” ಎನ್ನುತ್ತಾರೆ. ಇವರ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಚಕ್ರಕ್ಕೆ ಗೇಟು ಮುಚ್ಚಬೇಕು, ಕಾಲಿಗೆ ಗೇಟು ತೆರೆಯಬೇಕು. ಕಾರನ್ನು ತಡೆಯುವ ನೆಪದಲ್ಲಿ ತರಕಾರಿ ಹೊತ್ತ ಹೆಂಗಸನ್ನೂ ಪಾಳಿ ಮುಗಿಸಿ ಮನೆಗೆ ಹೋಗುವ ಕಾರ್ಮಿಕನನ್ನೂ ಸುತ್ತು ಹಾಕಿಸುವುದು ನ್ಯಾಯವಲ್ಲ. ಸಾರ್ವಜನಿಕ ನೆಲದಲ್ಲಿ ನಡೆಯುವವನಿಗೆ ಗುರುತುಚೀಟಿ ಬೇಕಾಗಿಲ್ಲ.

ನಮ್ಮ ಬೇಡಿಕೆಗಳು

ಒಂದು: ಐವತ್ತು ವರ್ಷದ ಒಂದು ನಕ್ಷೆ ಬರೆದು, ಅಂತಿಮಗೊಳಿಸುವ ಮುಂಚೆ ಇಂಗ್ಲಿಷಿನಲ್ಲಿ ಮಾತ್ರವಲ್ಲ, ಜನರ ಭಾಷೆಯಲ್ಲಿಯೂ ಪ್ರಕಟಿಸಬೇಕು.

ಎರಡು: ಹೊರಗಿನ ವಾಹನಗಳಿಗೆ ಆವರಣ ಅಡ್ಡದಾರಿಯಾಗಬಾರದು. ಕಾರುಗಳು ಅಂಚಿನಲ್ಲೇ ನಿಲ್ಲಲಿ. ಅಂಗವಿಕಲರ ಗಾಡಿ, ಆಂಬುಲೆನ್ಸು ಮಾತ್ರ ಒಳಗೆ ಬರಲಿ.

ಮೂರು: ನಿಲ್ದಾಣದಿಂದ ತರಗತಿಯವರೆಗೆ ನೆರಳು, ದೀಪ, ಕುಡಿಯುವ ನೀರು ಇರುವ ಮುರಿಯದ ಕಾಲುದಾರಿ ಬೇಕು. ಜ್ಞಾನಭಾರತಿಯ ಬಾಗಿಲಿಗೆ 2021ರಲ್ಲಿ ಮೆಟ್ರೋ ಬಂತು. ಅಲ್ಲಿಂದ ದೂರದ ವಿಭಾಗಗಳಿಗೆ ನಿಧಾನ ಚಲಿಸುವ ಚಿಕ್ಕ ಬಸ್ಸು ಬಡವರ ದರದಲ್ಲಿ ಓಡಬೇಕು.

ನಾಲ್ಕು: ನೆಲದ ಒಂದು ಅಂಗುಲವನ್ನೂ ಮಾರಕೂಡದು. ಕೊಡುವುದೇ ಆದರೆ ಗೇಣಿಗೆ ಮಾತ್ರ, ಅದೂ ವಿದ್ಯೆಯ ಕೆಲಸಕ್ಕೆ ಮಾತ್ರ.

ಐದು: ಹಾಸ್ಟೆಲು ಅಡಿಗೆಯವರಿಗೆ, ಸಫಾಯಿಯವರಿಗೆ, ಕಾವಲಿನವರಿಗೆ ನಡೆದು ಬರುವಷ್ಟು ಹತ್ತಿರದಲ್ಲಿ ಮನೆ ಬೇಕು. ರಾತ್ರಿ ಊಟ ಬಡಿಸಿ ಕೊನೆಯ ಲೋಕಲ್ಲಿಗೆ ಓಡುವವನನ್ನು ನಕ್ಷೆ ಮರೆಯಬಾರದು.

ಆರು: ನಕ್ಷೆಗೆ ರುಜು ಹಾಕುವ ಪ್ರತಿಯೊಬ್ಬರೂ ಮೇ ತಿಂಗಳ ಮಧ್ಯಾಹ್ನ ಒಂದು ಸಲ, ಜುಲೈ ತಿಂಗಳ ಮಳೆಯಲ್ಲಿ ಒಂದು ಸಲ ಗೇಟಿನಿಂದ ಗ್ರಂಥಾಲಯದವರೆಗೆ ಕೈಯಲ್ಲಿ ಪುಸ್ತಕ ಹಿಡಿದು ನಡೆದಿರಬೇಕು.

ಬಂಧುಗಳೇ, ಬೇಡಿಕೆ ಬರೆದರೆ ಕೆಲಸ ಮುಗಿಯಲಿಲ್ಲ. ಮುಂಬಯಿ ವಿಶ್ವವಿದ್ಯಾನಿಲಯದ ಸೆನೆಟಿಗೆ ನೋಂದಾಯಿತ ಪದವೀಧರರು 10 ಮಂದಿ ಪ್ರತಿನಿಧಿಗಳನ್ನು ಆರಿಸುತ್ತಾರೆ. ರಾತ್ರಿ ಶಾಲೆಯಿಂದ ಹಿಡಿದು ಪದವಿಯವರೆಗೆ ಬಂದ ನಮ್ಮವರು ಎಷ್ಟು ಮಂದಿ ಆ ಪಟ್ಟಿಯಲ್ಲಿ ಹೆಸರು ಬರೆಸಿದ್ದಾರೆ? ಈ ಪತ್ರಿಕೆ ಕೈಗೆ ಬಂದ ವಾರದಲ್ಲೇ ಪ್ರತಿ ಶಾಖೆಯೂ ತನ್ನ ಪದವೀಧರರ ಪಟ್ಟಿ ಮಾಡಲಿ, ನೋಂದಣಿಯ ಅರ್ಜಿ ತುಂಬಿಸಲಿ. ಮತ ಕೇಳಲು ಬರುವ ಅಭ್ಯರ್ಥಿಯ ಮುಂದೆ ಈ ಆರು ಬೇಡಿಕೆಗಳನ್ನಿಡಲಿ. ಊರಿನಲ್ಲಿ ಓದುವ ಮಕ್ಕಳಿಗೂ ಇದನ್ನು ಓದಿ ಹೇಳಿ. ಜ್ಞಾನಭಾರತಿಯಲ್ಲಿ ದನಿ ಎತ್ತಬೇಕಾದವರು ಅವರೇ.

ಗಿರಣಿಯ ನೆಲ ಹೋಯಿತು. ಚಿಮಣಿಗಳು ನಿಂತಿದ್ದ ಕಡೆ ಇಂದು ಮಾಲುಗಳಿವೆ. ಅಲ್ಲಿ ನಮ್ಮವರು ಕಾವಲು ನಿಂತಿದ್ದಾರೆ. ವಿದ್ಯೆಯ ನೆಲ ಇನ್ನೂ ಉಳಿದಿದೆ. ಅದನ್ನು ಉಳಿಸಿಕೊಳ್ಳಲು ಕಾರು ಬೇಕಾಗಿಲ್ಲ, ಕಾಲು ಸಾಕು. ನಡೆಯಿರಿ!